ಕೊಲಂಬೊದಲ್ಲಿ ಹನ್ನೆರಡು ದಿನ: 2021ರ ಶ್ರೀಲಂಕಾ ಪ್ರವಾಸ

ವಿದೇಶ ಪ್ರವಾಸಕ್ಕೆ ಹೊರಟ ಇಪ್ಪತ್ತು ಆಟಗಾರರಲ್ಲಿ ಇಪ್ಪತ್ತೂ ಮಂದಿ ಅಂಗಳಕ್ಕಿಳಿದು ಆಡಿದ, ಅದೂ ಸಾಲದೆ ನೆಟ್ಸ್‌ನಲ್ಲಿ ಚೆಂಡೆಸೆಯಲೆಂದು ಕರೆದೊಯ್ದಿದ್ದ ಬೌಲರ್ ಒಬ್ಬರಿಗೂ ಭಾರತದ ಟೋಪಿ ದೊರೆತ ಪ್ರವಾಸವೊಂದು ನಮ್ಮ ಕ್ರಿಕೆಟ್ ಚರಿತ್ರೆಯಲ್ಲಿದೆ. ಅದು 2021ರ ಜುಲೈ ತಿಂಗಳಲ್ಲಿ ಶಿಖರ್ ಧವನ್ ಅವರ ನಾಯಕತ್ವದಲ್ಲಿ, ರಾಹುಲ್ ದ್ರಾವಿಡ್ ಅವರ ತರಬೇತಿಯಲ್ಲಿ ಭಾರತ ತಂಡ ಕೈಗೊಂಡ ಶ್ರೀಲಂಕಾ ಪ್ರವಾಸ. ಮೂರು ಏಕದಿನ ಪಂದ್ಯಗಳು, ಮೂರು ಟಿ20 ಪಂದ್ಯಗಳು. ಆರೂ ಕೊಲಂಬೊದ ಆರ್. ಪ್ರೇಮದಾಸ ಕ್ರೀಡಾಂಗಣದಲ್ಲಿ, ಒಬ್ಬ ಪ್ರೇಕ್ಷಕನೂ ಇಲ್ಲದೆ ನಡೆದವು. ಏಕದಿನ ಸರಣಿಯನ್ನು ನಾವು 2–1ರಿಂದ ಗೆದ್ದೆವು, ಟಿ20 ಸರಣಿಯನ್ನು ಅದೇ ಅಂತರದಿಂದ ಸೋತೆವು. ಫಲಿತಾಂಶವನ್ನಷ್ಟೇ ನೋಡುವವರಿಗೆ ಇದರಲ್ಲಿ ನೆನಪಿಡುವಂಥದ್ದೇನೂ ಕಾಣದೆ ಹೋಗಬಹುದು. ನನಗೆ ಮಾತ್ರ ಆ ಹನ್ನೆರಡು ದಿನಗಳು ಇಂದಿಗೂ ಮರೆತಿಲ್ಲ.

ಕ್ಲಬ್ ಪಂದ್ಯಗಳಿಗೆ ಸ್ಕೋರರ್ ಆಗಿ ಕೂರುವ ಅಭ್ಯಾಸ ನನಗೆ ಬಹಳ ಕಾಲದಿಂದ ಇದೆ. ಆ ವರ್ಷ ಕ್ಲಬ್ ಪಂದ್ಯಗಳೆಲ್ಲ ನಿಂತುಹೋಗಿದ್ದವು. ಮೇ ತಿಂಗಳಲ್ಲಿ ನನಗೂ ಕೊರೊನಾ ಸೋಂಕು ತಗುಲಿ, ಮನೆಯ ಮಹಡಿಯ ಕೋಣೆಯಲ್ಲಿ ಹದಿನಾಲ್ಕು ದಿನ ಬಾಗಿಲು ಮುಚ್ಚಿಕೊಂಡಿದ್ದೆ. ಊಟದ ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಅಮ್ಮ ಮೆಟ್ಟಿಲಿಳಿದು ಹೋದ ಮೇಲೆಯೇ ನಾನು ಬಾಗಿಲು ತೆಗೆಯುತ್ತಿದ್ದೆ. ಎರಡನೇ ಅಲೆಯಲ್ಲಿ ನಮ್ಮ ಬೀದಿಯಲ್ಲೇ ಸಾವುಗಳಾಗಿದ್ದವು. ಜುಲೈಯಲ್ಲಿ ಪಂದ್ಯಗಳು ಆರಂಭವಾಗುವ ಹೊತ್ತಿಗೆ ಮೈಯಲ್ಲಿ ಶಕ್ತಿ ತಕ್ಕಮಟ್ಟಿಗೆ ಮರಳಿತ್ತು. ದೂರದರ್ಶನದ ಮುಂದೆ ಕೂತು, ಸ್ಕೋರ್ ಪುಸ್ತಕದಲ್ಲಿ ಆರೂ ಪಂದ್ಯಗಳನ್ನು ಎಸೆತ ಎಸೆತವಾಗಿ ಬರೆದೆ. ಈ ಬರಹಕ್ಕೆ ಆ ಪುಸ್ತಕವೇ ಆಧಾರ.

ಈ ಪ್ರವಾಸ ಮೊದಲು 2020ರ ಜೂನ್‌ನಲ್ಲಿ ನಡೆಯಬೇಕಾಗಿತ್ತು; ಸೋಂಕಿನ ಕಾರಣದಿಂದ ಮುಂದಕ್ಕೆ ಹೋಯಿತು. ಮರುವರ್ಷ ಅದಕ್ಕೆ ಬಿಡುವು ಸಿಕ್ಕಾಗ, ವಿರಾಟ್ ಕೊಹ್ಲಿ ಅವರ ತಂಡ ಆಗಸ್ಟ್‌ನಲ್ಲಿ ಶುರುವಾಗಲಿದ್ದ ಐದು ಟೆಸ್ಟ್‌ಗಳಿಗಾಗಿ ಇಂಗ್ಲೆಂಡಿನಲ್ಲಿ ಉಳಿದಿತ್ತು. ಆದ್ದರಿಂದ ಮಂಡಳಿ ಬೇರೆಯೇ ಇಪ್ಪತ್ತು ಮಂದಿಯನ್ನು ಆರಿಸಿತು. ಭಾರತದ ಹೆಸರಿನಲ್ಲಿ ಎರಡು ತಂಡಗಳು ಏಕಕಾಲಕ್ಕೆ ಎರಡು ದೇಶಗಳಲ್ಲಿ ಇರುವುದು ತೀರ ಹೊಸದೇನಲ್ಲ. 1998ರ ಸೆಪ್ಟೆಂಬರ್‌ನಲ್ಲಿ ಒಂದು ತಂಡ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆಂದು ಕ್ವಾಲಾಲಂಪುರಕ್ಕೂ, ಇನ್ನೊಂದು ಪಾಕಿಸ್ತಾನದೊಡನೆ ಸಹಾರಾ ಕಪ್ ಆಡಲು ಟೊರೊಂಟೊಗೂ ಹೋಗಿದ್ದವು. ಆಗ ನಮ್ಮ ಅನಿಲ್ ಕುಂಬ್ಳೆ ಕ್ವಾಲಾಲಂಪುರದಲ್ಲಿದ್ದರೆ ದ್ರಾವಿಡ್ ಟೊರೊಂಟೊದಲ್ಲಿದ್ದರು. ಇಪ್ಪತ್ತಮೂರು ವರ್ಷಗಳ ನಂತರ ಅದೇ ದ್ರಾವಿಡ್, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಮುಖ್ಯಸ್ಥರಾಗಿದ್ದುಕೊಂಡು, ಕೊಲಂಬೊಗೆ ಹೊರಟ ತಂಡದ ತರಬೇತುದಾರರಾದರು. ಆ ತಂಡದಲ್ಲಿ ಕರ್ನಾಟಕದ ಮೂವರಿದ್ದರು: ಮನೀಷ್ ಪಾಂಡೆ, ದೇವದತ್ತ ಪಡಿಕ್ಕಲ್ ಮತ್ತು ಕೆ. ಗೌತಮ್. ನನ್ನ ಆಸಕ್ತಿಗೆ ಇದೂ ಒಂದು ಕಾರಣವೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ಪ್ರವಾಸ ಆರಂಭವಾಗುವ ಮೊದಲೇ ಅರ್ಜುನ ರಣತುಂಗ ಅವರು ಭಾರತ ಕಳುಹಿಸಿರುವುದು ಎರಡನೇ ದರ್ಜೆಯ ತಂಡವೆಂದೂ, ಅದರೊಡನೆ ಆಡಲು ಒಪ್ಪಿರುವುದು ಶ್ರೀಲಂಕಾ ಕ್ರಿಕೆಟ್‌ಗೆ ಅವಮಾನವೆಂದೂ ಹೇಳಿದರು. ಇಪ್ಪತ್ತು ಮಂದಿಯಲ್ಲಿ ಹದಿನಾಲ್ಕು ಮಂದಿ ಈಗಾಗಲೇ ಭಾರತಕ್ಕೆ ಆಡಿದವರು ಎಂದು ಶ್ರೀಲಂಕಾದ ಮಂಡಳಿಯೇ ಅವರಿಗೆ ಉತ್ತರ ಕೊಟ್ಟಿತು. ರಣತುಂಗ ಸಾಮಾನ್ಯರಲ್ಲ, 1996ರ ವಿಶ್ವಕಪ್ ಗೆದ್ದ ನಾಯಕರು, ತಮ್ಮ ದೇಶದ ಕ್ರಿಕೆಟ್ ಇಳಿಜಾರು ಹಿಡಿದಿದ್ದನ್ನು ಕಂಡು ನೊಂದಿದ್ದವರು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಆ ಮಾತು ನ್ಯಾಯವಾದದ್ದು ಎಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ರಣಜಿ ಋತುವಿನ ಮೇಲೆ ರಣಜಿ ಋತು ಕಳೆಯುತ್ತ ಒಂದು ಕರೆಗಾಗಿ ಕಾದು ಕೂತ ಆಟಗಾರನಿಗೆ, ಆ ಕರೆ ಬಂದ ದಿನವೇ ನೀನು ಎರಡನೆಯ ಸಾಲಿನವನು ಎಂದು ಹೇಳುವುದು ಕಠೋರವಾದ ಮಾತು.

ಹಾಗೆ ನೋಡಿದರೆ ಆತಿಥೇಯರ ತಂಡವೂ ಅಂದು ಅಖಂಡವಾಗಿರಲಿಲ್ಲ. ಇಂಗ್ಲೆಂಡ್ ಪ್ರವಾಸದಲ್ಲಿ ಒಂದು ಪಂದ್ಯವನ್ನೂ ಗೆಲ್ಲದೆ ಅವರು ಮರಳಿದ್ದರು. ಅಲ್ಲಿ ಸೋಂಕು ತಡೆಯಲೆಂದು ಮಾಡಿದ್ದ ಸುರಕ್ಷಾ ವಲಯದ ನಿಯಮ ಮುರಿದದ್ದಕ್ಕಾಗಿ ಕುಸಾಲ್ ಮೆಂಡಿಸ್, ನಿರೋಷನ್ ಡಿಕ್ವೆಲ್ಲಾ ಮತ್ತು ಧನುಷ್ಕ ಗುಣತಿಲಕ ಅವರನ್ನು ನಡುವೆಯೇ ಮನೆಗೆ ಕಳುಹಿಸಲಾಗಿತ್ತು. ಆಂಜೆಲೊ ಮ್ಯಾಥ್ಯೂಸ್ ವೈಯಕ್ತಿಕ ಕಾರಣದಿಂದ ದೂರ ಉಳಿದಿದ್ದರು. ವೇತನ ಒಪ್ಪಂದಗಳ ವಿಷಯದಲ್ಲಿ ಆಟಗಾರರಿಗೂ ಮಂಡಳಿಗೂ ಜಗ್ಗಾಟ ನಡೆದಿತ್ತು. ನಾಯಕತ್ವ ಕುಸಾಲ್ ಪೆರೇರ ಅವರಿಂದ ದಸುನ್ ಶನಕ ಅವರಿಗೆ ಬಂದಿತ್ತು. ಅಷ್ಟರಲ್ಲಿ ಬ್ಯಾಟಿಂಗ್ ತರಬೇತುದಾರ ಗ್ರ್ಯಾಂಟ್ ಫ್ಲವರ್ ಅವರಿಗೆ ಸೋಂಕು ದೃಢಪಟ್ಟು, ಜುಲೈ 13ಕ್ಕೆ ನಿಗದಿಯಾಗಿದ್ದ ಮೊದಲ ಪಂದ್ಯ 18ಕ್ಕೆ ಸರಿಯಿತು.

ಆ ಮೊದಲ ಪಂದ್ಯದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಶ್ರೀಲಂಕಾ 9 ವಿಕೆಟ್‌ಗೆ 262 ರನ್ ಗಳಿಸಿತು. ಭಾರತ ಅದನ್ನು 36.4 ಓವರ್‌ಗಳಲ್ಲಿ ಮೂರೇ ವಿಕೆಟ್ ಕಳೆದುಕೊಂಡು ದಾಟಿತು. ಪೃಥ್ವಿ ಶಾ 24 ಎಸೆತಗಳಲ್ಲಿ 43 ರನ್ ಬಾರಿಸಿದರು. ಅಂದೇ ತಮ್ಮ ಇಪ್ಪತ್ತಮೂರನೆಯ ಹುಟ್ಟುಹಬ್ಬವಿದ್ದ ಇಶಾನ್ ಕಿಶನ್, ಏಕದಿನ ಕ್ರಿಕೆಟ್‌ನಲ್ಲಿ ತಾವು ಎದುರಿಸಿದ ಮೊದಲ ಎಸೆತವನ್ನೇ ಸಿಕ್ಸರ್‌ಗೆ ಕಳುಹಿಸಿ 59 ರನ್ ಮಾಡಿದರು. ಧವನ್ 86 ರನ್‌ಗಳೊಡನೆ ಕೊನೆಯವರೆಗೂ ನಿಂತರು. ಎರಡನೇ ದರ್ಜೆ ಎಂಬ ಮಾತಿಗೆ ಅಂದು ಸಂಜೆಯೇ ಉತ್ತರ ದೊರಕಿತ್ತು.

ನಾನು ಮತ್ತೆ ಮತ್ತೆ ತಿರುವಿ ನೋಡುವುದು ಜುಲೈ 20ರ ಪುಟವನ್ನು. ಗುರಿ 276. ಪೃಥ್ವಿ ಶಾ, ಕಿಶನ್, ಧವನ್ ಮೂವರೂ 65 ರನ್ ಆಗುವಷ್ಟರಲ್ಲಿ ಹೊರನಡೆದರು. ನಂತರ ಮನೀಷ್ ಪಾಂಡೆ ಮತ್ತು ಸೂರ್ಯಕುಮಾರ್ ಯಾದವ್ ಸೇರಿ ಐವತ್ತು ರನ್ ಕೂಡಿಸಿದ್ದರು. ಪಾಂಡೆ 31 ಎಸೆತಗಳಲ್ಲಿ 37 ರನ್ ಗಳಿಸಿ, ಬಹಳ ದಿನಗಳ ನಂತರ ತಮ್ಮ ಹಳೆಯ ಲಯದಲ್ಲಿ ಆಡುತ್ತಿದ್ದರು. ಆಗ ಸೂರ್ಯಕುಮಾರ್ ನೇರವಾಗಿ ಹೊಡೆದ ಚೆಂಡು ಬೌಲರ್ ಶನಕ ಅವರ ಬೆರಳಿಗೆ ತಾಗಿ, ಬೌಲಿಂಗ್ ತುದಿಯ ಸ್ಟಂಪಿಗೆ ಬಡಿಯಿತು. ಓಡಲು ಹೊರಟಿದ್ದ ಪಾಂಡೆ ಗೆರೆಯಿಂದ ಹೊರಗಿದ್ದರು. ಸ್ಕೋರ್ ಪುಸ್ತಕದಲ್ಲಿ ಇದು ‘ರನೌಟ್’ ಎಂಬ ಒಂದೇ ಪದವಾಗಿ ಕೂರುತ್ತದೆ. ಆ ಪದದಲ್ಲಿ ಆಟಗಾರನ ತಪ್ಪು ಏನೂ ಇರಲಿಲ್ಲವೆಂಬುದನ್ನು ಬರೆಯಲು ಅಲ್ಲಿ ಜಾಗವಿಲ್ಲ. 2016ರ ಜನವರಿಯಲ್ಲಿ ಸಿಡ್ನಿಯಲ್ಲಿ 331 ರನ್‌ಗಳ ಗುರಿ ಬೆನ್ನತ್ತಿ, ಔಟಾಗದೆ 104 ರನ್ ಗಳಿಸಿ ಗೆಲ್ಲಿಸಿದ್ದ ಆಟಗಾರ ಅಂದು ಕೂಡ ಅಂಥದೇ ಇನಿಂಗ್ಸ್ ಕಟ್ಟುವ ಹಾದಿಯಲ್ಲಿದ್ದರು ಎಂದು ನಾನು ನಂಬಿದ್ದೇನೆ.

ಮರುಕ್ಷಣವೇ ಹಾರ್ದಿಕ್ ಪಾಂಡ್ಯ ಸೊನ್ನೆಗೆ ಔಟಾದರು, 116 ರನ್‌ಗೆ ಐದು ವಿಕೆಟ್. 53 ರನ್ ಗಳಿಸಿ ಸೂರ್ಯಕುಮಾರ್ ಹೋದಾಗ 160ಕ್ಕೆ ಆರು; 35 ರನ್ ಮಾಡಿದ್ದ ಕೃಣಾಲ್ ಪಾಂಡ್ಯ ಹೋದಾಗ 193ಕ್ಕೆ ಏಳು. ಇನ್ನೂ 83 ರನ್ ಬೇಕಿತ್ತು. ಉಳಿದದ್ದು ದೀಪಕ್ ಚಾಹರ್, ಭುವನೇಶ್ವರ್ ಕುಮಾರ್ ಮತ್ತು ಬಾಲಂಗೋಚಿಗಳು. ಅಲ್ಲಿಂದ ಪಂದ್ಯ ಗೆದ್ದ ಬಗೆಯನ್ನು ಎಸೆತ ಎಸೆತವಾಗಿ ಬರೆದವನಿಗೆ ಒಂದು ಸಂಗತಿ ಸ್ಪಷ್ಟವಾಗಿ ಕಾಣುತ್ತದೆ. ಓವರ್‌ಗಳ ಕೊರತೆ ಅವರಿಗಿರಲಿಲ್ಲ. ಸುಮಾರು ಹದಿನೈದು ಓವರ್‌ಗಳು ಕೈಯಲ್ಲಿದ್ದವು, ಓವರಿಗೆ ಆರು ರನ್ ಸಾಕಿತ್ತು. ಕೊರತೆಯಿದ್ದದ್ದು ವಿಕೆಟ್‌ಗಳದ್ದು, ಭಯವಿದ್ದದ್ದು ಲೆಗ್‌ಸ್ಪಿನ್ನರ್ ವನಿಂದು ಹಸರಂಗ ಅವರದು. ಅಂದು ಅವರು ಹತ್ತು ಓವರ್‌ಗಳಲ್ಲಿ 37 ರನ್ ಕೊಟ್ಟು 3 ವಿಕೆಟ್ ಪಡೆದಿದ್ದರು. ಅವರ ಓವರ್‌ಗಳನ್ನು ಕಳೆಯಗೊಟ್ಟು, ಉಳಿದವರ ಎಸೆತಗಳಲ್ಲಿ ಒಂದೊಂದು, ಎರಡೆರಡು ರನ್ ಆಯ್ದುಕೊಳ್ಳುವುದು, ಹೊಡೆಯುವ ಚೆಂಡು ಸಿಕ್ಕಾಗ ಮಾತ್ರ ಕೈ ಬಿಡಿಸುವುದು: ಇದೇ ಅವರ ಲೆಕ್ಕಾಚಾರ. ಆಟ ಬಿಗಿಯಾಗಿದ್ದ ಹೊತ್ತಿನಲ್ಲಿ ದ್ರಾವಿಡ್ ಡ್ರೆಸ್ಸಿಂಗ್ ಕೋಣೆಯಿಂದಿಳಿದು ಗಡಿರೇಖೆಯ ಬಳಿಯ ಡಗ್‌ಔಟ್‌ಗೆ ಬಂದು, ಒಳಗಿದ್ದವರಿಗೆ ಸಂದೇಶ ಕಳುಹಿಸಿದ್ದನ್ನು ನಾವೆಲ್ಲ ನೋಡಿದೆವು. ಎಲ್ಲ ಎಸೆತಗಳನ್ನೂ ಆಡು ಎಂದು ಅವರು ಹೇಳಿದ್ದರೆಂದೂ, ಏಳನೇ ಕ್ರಮಾಂಕಕ್ಕೆ ನೀನು ಯೋಗ್ಯನೆಂಬ ನಂಬಿಕೆಯನ್ನು ತಮ್ಮಲ್ಲಿಟ್ಟಿದ್ದರೆಂದೂ ಪಂದ್ಯದ ನಂತರ ದೀಪಕ್ ಚಾಹರ್ ಹೇಳಿದರು. ಭಾರತ ‘ಎ’ ತಂಡದ ತರಬೇತುದಾರರಾಗಿದ್ದಾಗಲೇ ದ್ರಾವಿಡ್ ಆ ಹುಡುಗನ ಬ್ಯಾಟಿಂಗ್ ಕಂಡಿದ್ದವರು. ದೊಡ್ಡ ವೇದಿಕೆಯಲ್ಲಿ ಅದನ್ನು ಯಾರೂ ಕಂಡಿರಲಿಲ್ಲ.

ಮುರಿಯದ ಎಂಟನೇ ವಿಕೆಟ್‌ಗೆ 84 ರನ್ ಬಂದವು. ಚಾಹರ್ 82 ಎಸೆತಗಳಲ್ಲಿ 69, ಭುವನೇಶ್ವರ್ 28 ಎಸೆತಗಳಲ್ಲಿ 19. ಐದು ಎಸೆತ ಬಾಕಿಯಿರುವಾಗ ಚಾಹರ್ ಹೊಡೆದ ಬೌಂಡರಿಯೊಂದಿಗೆ ಪಂದ್ಯವೂ ಸರಣಿಯೂ ಮುಗಿದವು. ಅಂಗಳದಲ್ಲೇ ಶ್ರೀಲಂಕಾದ ತರಬೇತುದಾರ ಮಿಕ್ಕಿ ಆರ್ಥರ್ ಮತ್ತು ನಾಯಕ ಶನಕ ನಡುವೆ ಬಿರುಸಿನ ಮಾತು ನಡೆದದ್ದನ್ನು ಕ್ಯಾಮೆರಾಗಳು ತೋರಿಸಿದವು. ಗೆಲುವು ಕೈಗೆ ಬಂದು ಜಾರಿದವರ ಸಂಕಟ ಅದು. ಅವರ ಬಗ್ಗೆ ನನಗೆ ಮರುಕವೇ ಮೂಡಿತು.

ಸರಣಿ ಗೆದ್ದಾಗಿದ್ದರಿಂದ ಜುಲೈ 23ರ ಮೂರನೇ ಪಂದ್ಯದಲ್ಲಿ ಐವರಿಗೆ ಒಟ್ಟಿಗೇ ಚೊಚ್ಚಲ ಅವಕಾಶ ನೀಡಲಾಯಿತು: ಸಂಜು ಸ್ಯಾಮ್ಸನ್, ನಿತೀಶ್ ರಾಣಾ, ಚೇತನ್ ಸಕಾರಿಯಾ, ರಾಹುಲ್ ಚಾಹರ್ ಮತ್ತು ನಮ್ಮ ಗೌತಮ್. ಒಂದೇ ಏಕದಿನ ಪಂದ್ಯದಲ್ಲಿ ಭಾರತದ ಐವರು ಪದಾರ್ಪಣೆ ಮಾಡಿದ್ದು ಅದಕ್ಕೆ ಮೊದಲು 1980ರ ಡಿಸೆಂಬರ್‌ನಲ್ಲಿ, ಮೆಲ್ಬರ್ನ್‌ನಲ್ಲಿ. ಆ ಐವರಲ್ಲಿ ಬೆಂಗಳೂರಿನ ರೋಜರ್ ಬಿನ್ನಿ ಒಬ್ಬರಾಗಿದ್ದರು. ನಲವತ್ತು ವರ್ಷಗಳ ಅಂತರದ ಎರಡೂ ಪಟ್ಟಿಗಳಲ್ಲಿ ನಮ್ಮ ರಾಜ್ಯದ ಆಲ್‌ರೌಂಡರ್ ಒಬ್ಬರ ಹೆಸರಿರುವುದನ್ನು ನಾನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡಿದ್ದೇನೆ.

ಆಗ ಗೌತಮ್ ಅವರಿಗೆ ಮೂವತ್ತೆರಡು ವರ್ಷ. ಕರ್ನಾಟಕದ ಆಟವನ್ನು ಹತ್ತಿರದಿಂದ ನೋಡುವವರಿಗೆ ಅವರ ಆಫ್‌ಸ್ಪಿನ್ನೂ ಗೊತ್ತು, ಕೆಳಕ್ರಮಾಂಕದಲ್ಲಿ ಬಂದು ಚೆಂಡನ್ನು ಕ್ರೀಡಾಂಗಣದಾಚೆ ಕಳುಹಿಸುವ ಬಲವೂ ಗೊತ್ತು. 2019ರ ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ಬಳ್ಳಾರಿ ಟಸ್ಕರ್ಸ್ ಪರ ಆಡುತ್ತ, ಒಂದೇ ಪಂದ್ಯದಲ್ಲಿ 56 ಎಸೆತಗಳಿಗೆ 134 ರನ್ ಬಾರಿಸಿ, ನಂತರ 15 ರನ್‌ಗೆ 8 ವಿಕೆಟ್ ಕಿತ್ತವರು ಅವರು. ಅಂಥವರು ನೀಲಿ ಅಂಗಿ ತೊಟ್ಟು ಇಳಿದಾಗ ನನ್ನ ಕಣ್ಣು ತುಂಬಿ ಬಂತು. ಭಾರತ 23 ಓವರ್‌ಗಳಲ್ಲಿ 3 ವಿಕೆಟ್‌ಗೆ 147 ರನ್ ಮಾಡಿದ್ದಾಗ ಮಳೆ ಸುರಿಯಿತು. ಪಂದ್ಯ 47 ಓವರ್‌ಗಳಿಗೆ ಇಳಿಯಿತು. ಮಳೆ ನಿಂತ ಮೇಲೆ ಅಕಿಲ ಧನಂಜಯ ಮತ್ತು ಪ್ರವೀಣ್ ಜಯವಿಕ್ರಮ ಅವರ ಸ್ಪಿನ್ನಿಗೆ ನಮ್ಮವರು ಸಿಲುಕಿ 225ಕ್ಕೆ ಮುಗಿಸಿದರು. ಆವಿಷ್ಕ ಫರ್ನಾಂಡೊ 76, ಭಾನುಕ ರಾಜಪಕ್ಸ 65 ರನ್ ಗಳಿಸಿ ಶ್ರೀಲಂಕಾವನ್ನು ಮೂರು ವಿಕೆಟ್‌ಗಳಿಂದ ಗೆಲ್ಲಿಸಿದರು. ಪಾಂಡೆ 11 ರನ್‌ಗೆ ಔಟಾದರು. ಅದು ಅವರ ಕೊನೆಯ ಏಕದಿನ ಪಂದ್ಯವಾಗುವುದೆಂದು ಬರೆಯುವಾಗ ನನಗೆ ತಿಳಿದಿರಲಿಲ್ಲ.

‘ಎ’ ತಂಡದ ಪ್ರವಾಸಕ್ಕೆ ನನ್ನೊಡನೆ ಬಂದ ಯಾರೂ ಒಂದು ಪಂದ್ಯವನ್ನಾದರೂ ಆಡದೆ ಮರಳುವುದಿಲ್ಲ ಎಂದು ದ್ರಾವಿಡ್ ಹುಡುಗರಿಗೆ ಮೊದಲೇ ಹೇಳುತ್ತಿದ್ದರು. ತಾವು ಚಿಕ್ಕವರಾಗಿದ್ದಾಗ ಅಂಥ ಪ್ರವಾಸಗಳಲ್ಲಿ ಆಡುವ ಅವಕಾಶ ಸಿಗದೆ ಕೂತ ನೋವಿನಿಂದ ಹುಟ್ಟಿದ ನಿಯಮ ಅದು. ಭಾರತದ ಮುಖ್ಯ ತಂಡಕ್ಕೆ ಆ ನಿಯಮ ಹೊಂದುವುದಿಲ್ಲವೆಂದು ವಾದಿಸುವವರಿದ್ದಾರೆ. ದೇಶದ ಟೋಪಿಯನ್ನು ಗಳಿಸಬೇಕೇ ಹೊರತು ಹಂಚಬಾರದು ಎಂಬ ಅವರ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ಆ ಐವರ ಪೈಕಿ ಯಾರೂ ಗಳಿಸದೆ ಬಂದವರಾಗಿರಲಿಲ್ಲ. ಸೋಂಕಿನ ಕಾಲದಲ್ಲಿ ಮುಂಬೈಯಲ್ಲಿ ಎರಡು ವಾರ, ಕೊಲಂಬೊದಲ್ಲಿ ಮತ್ತಷ್ಟು ದಿನ ಹೋಟೆಲ್ ಕೋಣೆಯಲ್ಲಿ ಬಂದಿಯಾಗಿದ್ದು, ಕೊನೆಗೆ ನೀರು ಹೊತ್ತು ಮರಳುವಂತಾಗುವುದು ಯಾರಿಗೂ ಆಗಬಾರದು.

ಜುಲೈ 25ರ ಮೊದಲ ಟಿ20 ಪಂದ್ಯವನ್ನು ಭಾರತ 38 ರನ್‌ಗಳಿಂದ ಸುಲಭವಾಗಿ ಗೆದ್ದಿತು. ಸೂರ್ಯಕುಮಾರ್ 50 ಹೊಡೆದರು, ಭುವನೇಶ್ವರ್ 22 ರನ್‌ಗೆ 4 ವಿಕೆಟ್ ಪಡೆದರು. ಎರಡನೆಯ ಪಂದ್ಯ 27ರಂದು ನಡೆಯಬೇಕಿತ್ತು. ಅಂದು ಬೆಳಗಿನ ಪರೀಕ್ಷೆಯಲ್ಲಿ ಕೃಣಾಲ್ ಪಾಂಡ್ಯ ಅವರಿಗೆ ಸೋಂಕು ದೃಢಪಟ್ಟಿತು. ಅವರ ನಿಕಟ ಸಂಪರ್ಕದಲ್ಲಿದ್ದವರೆಂದು ಎಂಟು ಮಂದಿಯನ್ನು ಬೇರ್ಪಡಿಸಲಾಯಿತು: ಹಾರ್ದಿಕ್, ಸೂರ್ಯಕುಮಾರ್, ಪೃಥ್ವಿ ಶಾ, ಇಶಾನ್ ಕಿಶನ್, ಮನೀಷ್ ಪಾಂಡೆ, ದೀಪಕ್ ಚಾಹರ್, ಯಜುವೇಂದ್ರ ಚಾಹಲ್, ಗೌತಮ್. ಇಪ್ಪತ್ತರಲ್ಲಿ ಒಂಬತ್ತು ಕಳೆದರೆ ಹನ್ನೊಂದು. ಆಡಲು ಬೇಕಾದ ಸಂಖ್ಯೆ ಸರಿಯಾಗಿ ಅಷ್ಟೇ. ಪಂದ್ಯ ಒಂದು ದಿನ ಮುಂದೆ ಹೋಗಿ 28ರಂದು ನಡೆದಾಗ ಆಯ್ಕೆ ಮಾಡುವ ಪ್ರಶ್ನೆಯೇ ಇರಲಿಲ್ಲ. ಐವರು ಬ್ಯಾಟರ್‌ಗಳು ಮತ್ತು ಆರು ಬೌಲರ್‌ಗಳು ಉಳಿದಿದ್ದರು, ಅವರೇ ಇಳಿದರು. ಋತುರಾಜ್ ಗಾಯಕವಾಡ್, ಪಡಿಕ್ಕಲ್, ರಾಣಾ, ಸಕಾರಿಯಾ ನಾಲ್ವರಿಗೂ ಅದು ಮೊದಲ ಅಂತರರಾಷ್ಟ್ರೀಯ ಟಿ20.

2000ದ ಜುಲೈ 7ರಂದು ಹುಟ್ಟಿದ ಪಡಿಕ್ಕಲ್, ಆ ಇಸವಿಯಲ್ಲಿ ಅಥವಾ ಅದರ ನಂತರ ಜನಿಸಿ ಭಾರತದ ಪುರುಷರ ತಂಡಕ್ಕೆ ಆಡಿದ ಮೊದಲಿಗರಾದರು. ಆ ವರ್ಷದ ವಿಜಯ್ ಹಜಾರೆ ಟ್ರೋಫಿಯಲ್ಲಿ ಕರ್ನಾಟಕದ ಪರ ಸತತ ನಾಲ್ಕು ಶತಕಗಳನ್ನು ಬಾರಿಸಿದ್ದ ಹುಡುಗ. ಚೆಂಡು ನಿಂತು ಬರುವ ಪ್ರೇಮದಾಸದ ಪಿಚ್ಚಿನ ಮೇಲೆ ಧವನ್ 42 ಎಸೆತಗಳಲ್ಲಿ 40 ರನ್ ಮಾಡಲು ಹೆಣಗುತ್ತಿದ್ದಾಗ, ಪಡಿಕ್ಕಲ್ 23 ಎಸೆತಗಳಲ್ಲಿ 29 ರನ್ ಗಳಿಸಿದರು. ಸಂಖ್ಯೆ ಸಣ್ಣದು, ಆದರೆ ಅಂದಿನ ಎರಡೂ ಇನಿಂಗ್ಸ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅಷ್ಟು ನಿರಾಳವಾಗಿ ಆಡಿದವರು ಹೆಚ್ಚಿಲ್ಲ. ಭಾರತ 5 ವಿಕೆಟ್‌ಗೆ 132ರಲ್ಲಿ ನಿಂತಿತು. ಅಷ್ಟು ಕಡಿಮೆ ಮೊತ್ತವನ್ನಿಟ್ಟುಕೊಂಡು ಬೌಲರ್‌ಗಳು ಪಂದ್ಯವನ್ನು ಕೊನೆಯ ಓವರಿನವರೆಗೂ ಎಳೆದರು. ಎರಡು ಎಸೆತ ಬಾಕಿಯಿರುವಾಗ ಧನಂಜಯ ಡಿಸಿಲ್ವ ಅವರ ಅಜೇಯ 40ರ ನೆರವಿನಿಂದ ಶ್ರೀಲಂಕಾ ದಡ ಸೇರಿತು. ಆ ಸೋಲನ್ನು ಇಡೀ ಪ್ರವಾಸದ ಅತ್ಯಂತ ಗೌರವದ ಆಟವೆಂದು ನಾನು ಎಣಿಸುತ್ತೇನೆ.

ಕ್ಷೇತ್ರರಕ್ಷಣೆಯಲ್ಲಿ ನವದೀಪ್ ಸೈನಿ ಭುಜಕ್ಕೆ ಪೆಟ್ಟು ಮಾಡಿಕೊಂಡಿದ್ದರಿಂದ, ಮರುದಿನ ಹನ್ನೊಂದನೆಯವರಾಗಿ ನೆಟ್ ಬೌಲರ್ ಸಂದೀಪ್ ವಾರಿಯರ್ ಬಂದರು. ಆ ಹೊತ್ತಿಗೆ ತಂಡದಲ್ಲಿ ಕಸುವು ಉಳಿದಿರಲಿಲ್ಲ. ಧವನ್ ಮೊದಲ ಎಸೆತಕ್ಕೇ ಔಟಾದರು. ಅಂದು ತಮ್ಮ ಇಪ್ಪತ್ತನಾಲ್ಕನೆಯ ಹುಟ್ಟುಹಬ್ಬ ಆಚರಿಸುತ್ತಿದ್ದ ಹಸರಂಗ ನಾಲ್ಕು ಓವರ್‌ಗಳಲ್ಲಿ 9 ರನ್ ನೀಡಿ 4 ವಿಕೆಟ್ ಕಿತ್ತರು. ಭಾರತ 8 ವಿಕೆಟ್‌ಗೆ 81. ಅದರಲ್ಲಿ ಅತಿ ಹೆಚ್ಚು ರನ್ ಗಳಿಸಿದವರು 23 ರನ್‌ಗಳ ಕುಲದೀಪ್ ಯಾದವ್. ಶ್ರೀಲಂಕಾ ಏಳು ವಿಕೆಟ್‌ಗಳಿಂದ ಗೆದ್ದು, ಭಾರತದ ವಿರುದ್ಧ ತನ್ನ ಮೊದಲ ಟಿ20 ಸರಣಿಯನ್ನು ಪಡೆಯಿತು. ಅವರಿಗೆ ಆ ಸಂತೋಷ ಸಲ್ಲಬೇಕಾಗಿದ್ದದ್ದೇ. ಮುಂದಿನ ತಿಂಗಳೇ ಹಸರಂಗ ಅವರನ್ನು ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಕರೆಸಿಕೊಂಡಿತು. 2022ರ ಐಪಿಎಲ್‌ನಲ್ಲಿ ಅವರು ಬೆಂಗಳೂರಿಗಾಗಿ 26 ವಿಕೆಟ್ ಪಡೆದಾಗ, ಕೊಲಂಬೊದಲ್ಲಿ ನಮ್ಮನ್ನು ಕಾಡಿದ ಆ ಗೂಗ್ಲಿಗೆ ನಾನು ಮನೆಯಲ್ಲಿ ಕೂತು ಚಪ್ಪಾಳೆ ತಟ್ಟಿದೆ.

ಮುಂದೆ ಏನಾಯಿತೆಂಬುದು ಎಲ್ಲರಿಗೂ ಗೊತ್ತು. ದ್ರಾವಿಡ್ ಅದೇ ವರ್ಷದ ನವೆಂಬರ್‌ನಲ್ಲಿ ಭಾರತದ ಮುಖ್ಯ ತರಬೇತುದಾರರಾದರು. 2024ರ ಜೂನ್‌ನಲ್ಲಿ ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಎತ್ತಿ ಹಿಡಿದ ಅವರ ತಂಡದಲ್ಲಿ ಸೂರ್ಯಕುಮಾರ್, ಹಾರ್ದಿಕ್, ಕುಲದೀಪ್, ಸ್ಯಾಮ್ಸನ್, ಚಾಹಲ್ ಇದ್ದರು. ಕೊಲಂಬೊದಲ್ಲಿ ಬರಿಯ ನೆಟ್ ಬೌಲರ್ ಆಗಿದ್ದ ಅರ್ಷದೀಪ್ ಸಿಂಗ್ ಕೂಡ ಇದ್ದರು. ಪಡಿಕ್ಕಲ್ 2024ರ ಮಾರ್ಚ್‌ನಲ್ಲಿ ಧರ್ಮಶಾಲಾದಲ್ಲಿ ಟೆಸ್ಟ್‌ಗೆ ಕಾಲಿಟ್ಟು ಮೊದಲ ಇನಿಂಗ್ಸ್‌ನಲ್ಲೇ 65 ರನ್ ಗಳಿಸಿದರು.

ಸರಣಿ ಮುಗಿದ ಮರುದಿನ, ಜುಲೈ 30ರಂದು, ಬೇರ್ಪಡಿಸಿದ್ದ ಎಂಟು ಮಂದಿಯಲ್ಲಿ ಚಾಹಲ್ ಮತ್ತು ಗೌತಮ್ ಅವರಿಗೂ ಸೋಂಕು ದೃಢಪಟ್ಟ ಸುದ್ದಿ ಬಂತು. ತಂಡ ಊರಿಗೆ ಹೊರಟಾಗ ಅವರು ಕೊಲಂಬೊದಲ್ಲೇ ಉಳಿಯಬೇಕಾಯಿತು. ಮುಚ್ಚಿದ ಬಾಗಿಲಿನ ಹಿಂದಿನ ಆ ದಿನಗಳು ಹೇಗಿರುತ್ತವೆಂಬುದನ್ನು ನಾನು ಎರಡು ತಿಂಗಳ ಹಿಂದಷ್ಟೇ ಕಂಡಿದ್ದೆನಾದ್ದರಿಂದ, ಒಂದು ವಾರದ ಕೆಳಗೆ ಭಾರತದ ಟೋಪಿ ಧರಿಸಿದ್ದ ನಮ್ಮ ಊರ ಕಡೆಯ ಆಟಗಾರ ಪರದೇಶದ ಹೋಟೆಲಿನ ಕೋಣೆಯಲ್ಲಿ ಒಬ್ಬರೇ ಕೂತಿರುವ ಚಿತ್ರ ಹಲವು ದಿನ ನನ್ನನ್ನು ಬಿಡಲಿಲ್ಲ. ಗೌತಮ್ ಅವರಿಗೆ ಭಾರತದ ಪರ ಮತ್ತೊಂದು ಪಂದ್ಯ ಸಿಗಲಿಲ್ಲ. ನನ್ನ ಪುಸ್ತಕದ ಭಾರತದ ಪುಟಗಳಲ್ಲಿ ಅವರ ಹೆಸರು ಒಂದೇ ಕಡೆ ಇದೆ: ಜುಲೈ 23, ಪ್ರೇಮದಾಸ ಕ್ರೀಡಾಂಗಣ, 49 ರನ್ ಕೊಟ್ಟು 1 ವಿಕೆಟ್.